ಅಭಿಪ್ರಾಯಕ್ಕೆ ಎಲ್ಲಿಯವರೆಗೆ ಜಾಗ?

"ಅದು ನಿಮ್ಮ ಸತ್ಯ, ಇದು ನನ್ನ ಸತ್ಯ" ಎಂಬ ಮಾತು ಈಗ ಜಗಳ ತಪ್ಪಿಸುವ ಸುಲಭದ ದಾರಿಯಾಗಿದೆ. ಕ್ರೈಸ್ತ ವಿಶ್ವಾಸದ ಮಟ್ಟಿಗೆ ಈ ದಾರಿಯನ್ನು ಅಪೊಸ್ತಲ ಪೌಲನೇ ಮುಚ್ಚಿಬಿಟ್ಟಿದ್ದಾನೆ ಎಂದು ನನಗನಿಸುತ್ತದೆ. ಬೈಬಲಿನಲ್ಲಿರುವ, ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 15ನೇ ಅಧ್ಯಾಯದಲ್ಲಿ ಅವನು, ಕ್ರಿಸ್ತನು ಸತ್ತವರೊಳಗಿಂದ ಎದ್ದುಬರದೆ ಹೋಗಿದ್ದರೆ ನಮ್ಮ ಬೋಧನೆಯೂ ನಿಮ್ಮ ನಂಬಿಕೆಯೂ ವ್ಯರ್ಥವೆಂದು ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ. ಅಷ್ಟೇ ಅಲ್ಲ, ಎದ್ದ ಕ್ರಿಸ್ತನನ್ನು 500ಕ್ಕೂ ಹೆಚ್ಚು ಮಂದಿ ಒಟ್ಟಿಗೆ ಕಂಡರೆಂದೂ, ಅವರಲ್ಲಿ ಬಹುಪಾಲು ಜನ ಇನ್ನೂ ಬದುಕಿದ್ದಾರೆಂದೂ ಸೇರಿಸುತ್ತಾನೆ. ಬೇಕಿದ್ದರೆ ಹೋಗಿ ವಿಚಾರಿಸಿ ಎನ್ನುವ ಧಾಟಿ ಅದು. ಒಪ್ಪುವುದು ಬಿಡುವುದು ಓದುಗನಿಗೆ ಬಿಟ್ಟದ್ದು, ಆದರೆ ಇದನ್ನು ಕೇವಲ ಮನಸ್ಸಿನ ಸಮಾಧಾನಕ್ಕೆ ಹೇಳಿದ ಮಾತೆಂದು ಓದಲು ಆ ಪತ್ರಿಕೆ ಎಡೆಗೊಡುವುದಿಲ್ಲ.

ಅದೇ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೇ ಅಧ್ಯಾಯದಲ್ಲಿ ಎಷ್ಟು ಉದಾರಿ! ಒಬ್ಬನು ಎಲ್ಲವನ್ನೂ ತಿನ್ನಲಿ, ಇನ್ನೊಬ್ಬನು ಕಾಯಿಪಲ್ಯವನ್ನೇ ತಿನ್ನಲಿ, ಒಬ್ಬನಿಗೆ ಒಂದು ದಿನ ವಿಶೇಷವಾಗಿರಲಿ, ಮತ್ತೊಬ್ಬನಿಗೆ ಎಲ್ಲ ದಿನಗಳೂ ಸಮವಾಗಿರಲಿ. ಪ್ರತಿಯೊಬ್ಬನೂ ತನ್ನ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಿದ್ದರೆ ಸಾಕು ಎನ್ನುತ್ತಾನೆ.

ನಮ್ಮ ಸಭೆಗಳಲ್ಲಿ ನಾನು ಕಂಡಿರುವುದು ಹೆಚ್ಚಾಗಿ ಇದರ ತಿರುವುಮುರುವು. ಆರಾಧನೆಗೆ ತಬಲಾ, ಹಾರ್ಮೋನಿಯಂ ಇರಬೇಕೋ ಗಿಟಾರ್ ಇರಬೇಕೋ ಎಂಬುದಕ್ಕೆ ಕಮಿಟಿಯೇ ಒಡೆಯುವಷ್ಟು ವಾದ ನಡೆಯುತ್ತದೆ. ಕ್ರಿಸ್ತನ ಪುನರುತ್ಥಾನ ನಿಜವಾಗಿ ನಡೆಯಿತೇ ಎಂದು ಹುಡುಗನೊಬ್ಬ ಕೇಳಿದರೆ ಮಾತ್ರ "ಅದೆಲ್ಲ ಅವರವರ ನಂಬಿಕೆಯಪ್ಪಾ" ಎಂದು ಹಿರಿಯರು ಮಾತು ಮುಗಿಸುತ್ತಾರೆ. ಪೌಲನಾಗಿದ್ದರೆ ಆ ಹುಡುಗನಿಗೆ, ಎದ್ದ ಕ್ರಿಸ್ತನನ್ನು ಕಂಡವರೆಂದು ತಾನೇ ಬರೆದ ಕೇಫನ, ಯಾಕೋಬನ ಹೆಸರನ್ನಾದರೂ ಹೇಳುತ್ತಿದ್ದ.