ಕೀಲಿಯಿಂದ ಒಳಬಂದವನಿಗೆ ಪಾಸ್‌ವರ್ಡ್ ಕೇಳಲಿಲ್ಲ

ಕಳೆದ ವರ್ಷ ನಮ್ಮ ಕಚೇರಿಗೆ ಸಿಸ್ಟಮ್ ಅಡ್ಮಿನ್ ಆಗಿ ಹೊಸದಾಗಿ ಸೇರಿದ್ದ ಹುಡುಗನಿಗೆ ಉಬುಂಟು ಸರ್ವರ್‌ನಲ್ಲಿ ಪಾಸ್‌ವರ್ಡ್ ನಿಯಮಗಳನ್ನು ಹೊಂದಿಸುವುದನ್ನು ಕಲಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಲಾಗಿನ್ ಆಗುವವರ ಗುರುತನ್ನು ಪರಿಶೀಲಿಸುವ ಪ್ಯಾಮ್ ವ್ಯವಸ್ಥೆಯ ಕಡತಗಳನ್ನು ತಿದ್ದಿದರೆ ಯಾವ ಸೇವೆಯನ್ನೂ ರೀಸ್ಟಾರ್ಟ್ ಮಾಡದೆಯೇ ಮರುಕ್ಷಣದ ಲಾಗಿನ್‌ಗೆ ಅದು ಜಾರಿಯಾಗುವುದರಿಂದ, ತಪ್ಪಾದರೆ ಹೊರಗುಳಿಯದಂತೆ ಇನ್ನೊಂದು ಟರ್ಮಿನಲ್‌ನಲ್ಲಿ ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ ಒಳಗಿದ್ದುಕೊಂಡೇ ಕೆಲಸಕ್ಕೆ ಕೈಹಾಕಬೇಕೆಂದು ಮೊದಲೇ ತಿಳಿಸಿದ್ದೆ.

ಪಾಸ್‌ವರ್ಡ್‌ನ ಕನಿಷ್ಠ ಉದ್ದವನ್ನು 12 ಎಂದು ಬರೆದದ್ದಾಯಿತು. ಅಂಕಿಗಳ ಕುರಿತ ನಿಯಮವಾದ ಡಿಕ್ರೆಡಿಟ್‌ಗೆ 1 ಎಂದು ಕೊಟ್ಟರೆ ಅಂಕಿ ಬಳಸಿದವರಿಗೆ ಉದ್ದದಲ್ಲಿ ರಿಯಾಯಿತಿ ಸಿಗುತ್ತದೆ. -1 ಎಂದು ಕೊಟ್ಟರೆ ಮಾತ್ರ ಒಂದು ಅಂಕಿ ಕಡ್ಡಾಯವಾಗುತ್ತದೆ. ಆತ ರೂಟ್ ಆಗಿಯೇ ಪರೀಕ್ಷಿಸಿದ್ದರಿಂದ ಎಚ್ಚರಿಕೆಯೊಂದನ್ನು ತೋರಿಸಿ ದುರ್ಬಲ ಪಾಸ್‌ವರ್ಡನ್ನೂ ವ್ಯವಸ್ಥೆ ಒಪ್ಪಿಕೊಂಡಿತು. ಸಾಮಾನ್ಯ ಬಳಕೆದಾರನಾಗಿ ನೋಡಿದಾಗಲೇ ಅದು ತಿರಸ್ಕರಿಸಿದ್ದು. 90 ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸಬೇಕೆಂಬ ಕಚೇರಿಯ ನಿಯಮವನ್ನೂ ಸೇರಿಸಿದೆವು. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಇಂಥ ಒತ್ತಾಯದ ಬದಲಾವಣೆ ಬೇಡವೆಂದಿದೆ, ನನ್ನ ಅಭಿಪ್ರಾಯವೂ ಅದೇ. ಲಾಗಿನ್.ಡೆಫ್ಸ್ ಕಡತದಲ್ಲಿ ಬರೆದ ಅವಧಿ ಹೊಸ ಖಾತೆಗಳಿಗಷ್ಟೇ ಅನ್ವಯಿಸುವುದರಿಂದ ಹಳೆಯವುಗಳಿಗೆ ಅವಧಿ ಬದಲಿಸುವ ಚೇಜ್ ಆದೇಶವನ್ನು ಬೇರೆಯಾಗಿ ಕೊಡಬೇಕಾಯಿತು.

ತೊಡಕು ಬಂದದ್ದು ತಪ್ಪು ಪಾಸ್‌ವರ್ಡ್ ಕೊಟ್ಟವರ ಖಾತೆಯನ್ನು ತಡೆಹಿಡಿಯುವ ಫೇಲ್‌ಲಾಕ್‌ನಲ್ಲಿ. ಪ್ಯಾಮ್‌ನ ಕಾಮನ್-ಆಥ್ ಕಡತದಲ್ಲಿ ಪಾಸ್‌ವರ್ಡ್ ಹೊಂದಿಸಿ ನೋಡುವ ಪ್ಯಾಮ್-ಯುನಿಕ್ಸ್ ಸಾಲಿನಲ್ಲಿ 'ಸಕ್ಸೆಸ್=1' ಎಂದಿರುತ್ತದೆ, ಅಂದರೆ ಪಾಸ್‌ವರ್ಡ್ ಸರಿಯಿದ್ದರೆ ಕೆಳಗಿನ ಒಂದು ಸಾಲನ್ನು ಹಾರಿ ಮುಂದೆ ಹೋಗು. ಹಾರಬೇಕಾದ ಆ ಸಾಲು ಎಲ್ಲರನ್ನೂ ನಿರಾಕರಿಸುವ ಪ್ಯಾಮ್-ಡಿನೈ. ಹುಡುಗ ಇವೆರಡರ ನಡುವೆ ಫೇಲ್‌ಲಾಕ್‌ನ ಸಾಲನ್ನು ಸೇರಿಸಿ ಅಂಕಿಯನ್ನು ಹಾಗೆಯೇ ಬಿಟ್ಟಿದ್ದ. ಈಗ ಸರಿಯಾದ ಪಾಸ್‌ವರ್ಡ್ ಕೊಟ್ಟವರು ಹೊಸ ಸಾಲನ್ನು ಹಾರಿ ನೇರವಾಗಿ ನಿರಾಕರಣೆಯ ಮೇಲೇ ಬಂದು ಬೀಳುತ್ತಿದ್ದರು.

"ಲಾಗಿನ್ ಆಗ್ತಿದೆ ಸರ್" ಎಂದ ಆತ. ಆಗುತ್ತಿತ್ತು, ನಿಜ, ಆದರೆ ಅವನು ಬಂದದ್ದು ಪಾಸ್‌ವರ್ಡ್ ಬದಲು ಬಳಸುವ ಎಸ್‌ಎಸ್‌ಎಚ್ ಕೀಲಿ ಕಡತದಿಂದ, ಅದಕ್ಕೆ ಪ್ಯಾಮ್‌ನ ಪಾಸ್‌ವರ್ಡ್ ಪರಿಶೀಲನೆಯ ಹಂತವೇ ಎದುರಾಗುವುದಿಲ್ಲ. ಪಾಸ್‌ವರ್ಡ್ ಕೇಳಿ ರೂಟ್ ಅಧಿಕಾರ ಕೊಡುವ ಸುಡೋ ಆದೇಶ ಕೊಟ್ಟು ನೋಡು ಎಂದೆ. ಸರಿಯಾದ ಪಾಸ್‌ವರ್ಡನ್ನೇ ಅದು ಮತ್ತೆ ಮತ್ತೆ ತಳ್ಳಿಹಾಕಿದಾಗ ಅವನ ಮುಖ ಬಾಡಿತು.

ರೂಟ್ ಟರ್ಮಿನಲ್‌ನಿಂದ ಅಂಕಿಯನ್ನು 2 ಮಾಡಿದೆವು. ಯಶಸ್ವಿ ಲಾಗಿನ್ ಆದೊಡನೆ ತಪ್ಪು ಯತ್ನಗಳ ಹಳೆಯ ಎಣಿಕೆ ಅಳಿಯಲೆಂದು, ಪಾಸ್‌ವರ್ಡ್ ಪರಿಶೀಲನೆಯ ನಂತರ ಬರುವ ಪ್ಯಾಮ್‌ನ ಅಕೌಂಟ್ ಹಂತದಲ್ಲಿಯೂ ಫೇಲ್‌ಲಾಕ್ ಸೇರಿಸಿದೆವು. ಬಳಿಕ ಕೀಲಿಯನ್ನು ಬದಿಗಿಟ್ಟು ಪರೀಕ್ಷಾ ಖಾತೆಯೊಂದಕ್ಕೆ ಪಾಸ್‌ವರ್ಡ್‌ನಿಂದಲೇ ಲಾಗಿನ್ ಆಗಿಸಿದೆ. ಬೇಕೆಂದೇ 3 ಬಾರಿ ತಪ್ಪು ಕೊಟ್ಟ ಮೇಲೆ ಸರಿಯಾದದ್ದನ್ನೂ ಅದು ಒಪ್ಪಲಿಲ್ಲ. ತಡೆ ತಾನಾಗಿಯೇ ತೆರವಾಗಲು 10 ನಿಮಿಷ ಕಾಯುವ ಬದಲು ಫೇಲ್‌ಲಾಕ್‌ನ ರೀಸೆಟ್ ಆದೇಶ ಕೊಟ್ಟು ಖಾತೆ ತೆರೆಯುವುದನ್ನು ಅವನಿಂದಲೇ ಮಾಡಿಸಿದೆ. ಹೆಲ್ಪ್‌ಡೆಸ್ಕ್‌ಗೆ ಬರುವ ಕರೆಗಳಲ್ಲಿ ಅವನಿಗೆ ಹೆಚ್ಚಾಗಿ ಬೇಕಾಗುವುದು ಅದೇ.