ಕಲಬುರಗಿ ಬಿಸಿಲಲ್ಲಿ 5 ಗಿಗಾಹರ್ಟ್ಸ್: ಪ್ರೊಸೆಸರ್ ಕೂಲರ್ ಕೆಲಸ ಎಲ್ಲಿಗೆ ಬಂತು

ಹೊಸ ಕೂಲರ್ ಕೂತಿದೆ, ಮೊದಲ ಅಳತೆಗಳೂ ಸಿಕ್ಕಿವೆ. ಪ್ರೊಸೆಸರ್ ಇಂಟೆಲ್ ಕೋರ್ ಐ5-12600ಕೆ. 3ಡಿ ಚಿತ್ರ ಮಾಡುವ ಬ್ಲೆಂಡರ್ ಸಾಫ್ಟ್‌ವೇರ್‌ನಲ್ಲಿ ರೆಂಡರ್‌ಗೆ (ಕೊನೆಯ ಚಿತ್ರ ತಯಾರಿಸಲು) ಹಾಕಿದರೆ ಎಲ್ಲ ಕೋರ್‌ಗಳೂ ಗಂಟೆಗಟ್ಟಲೆ ಪೂರ್ತಿ ದುಡಿಯುತ್ತವೆ. ಅದಕ್ಕೇ ಆರು ದೊಡ್ಡ ಕೋರ್‌ಗಳನ್ನು 4.5ರಿಂದ 5 ಗಿಗಾಹರ್ಟ್ಸ್‌ಗೆ ಏರಿಸಿದ್ದು. ಏರಿಸೋದು ಸುಲಭ. ಆ ಶಾಖವನ್ನು ಮೇ ತಿಂಗಳ ಮಧ್ಯಾಹ್ನ ಹೊರಗೆ ತಳ್ಳೋದು ಕಷ್ಟ.

ವೇಗ ಏರಿದಷ್ಟೇ ಪ್ರೊಸೆಸರ್ ಎಳೆಯುವ ವಿದ್ಯುತ್ತೂ ಏರುತ್ತದೆ. ವೋಲ್ಟೇಜ್ ಏರಿಸಿದರೆ ಹಾಗಲ್ಲ, ಅದರ ವರ್ಗದ (ಸ್ಕ್ವೇರ್) ಲೆಕ್ಕದಲ್ಲಿ ಏರುತ್ತದೆ. ನನ್ನ ಚಿಪ್‌ಗೆ 4.5ರಲ್ಲಿ 1.2 ವೋಲ್ಟ್ ಸಾಕಿತ್ತು, 5ಕ್ಕೆ 1.3 ಬೇಕಾಯಿತು. ವೇಗ ಹೆಚ್ಚಿದ್ದು ಶೇ 11, ಶಾಖ ಹೆಚ್ಚಿದ್ದು ಸುಮಾರು ಶೇ 30. ರೆಂಡರ್ ಹೊತ್ತಿನಲ್ಲಿ 165 ವ್ಯಾಟ್ ಆಸುಪಾಸು. ನಾಲ್ಕು ಹೀಟ್‌ಪೈಪ್ (ಶಾಖ ಸಾಗಿಸುವ ಕೊಳವೆ), ಒಂದೇ ಫ್ಯಾನ್ ಇದ್ದ ಹಳೆಯ ಕೂಲರ್‌ಗೆ ಇದು ಭಾರವಾಯಿತು. ರೂಮಿನಲ್ಲಿ 35 ಡಿಗ್ರಿ ಇದ್ದಾಗ ಪ್ರೊಸೆಸರ್ 100 ಡಿಗ್ರಿ ಮುಟ್ಟಿ, ತಾನೇ ವೇಗ ಇಳಿಸಿಕೊಳ್ಳುತ್ತಿತ್ತು. ಹಾಗಾದರೆ ಓವರ್‌ಕ್ಲಾಕ್ ಮಾಡಿ ಏನು ಪ್ರಯೋಜನ?

ಕೂಲರ್ ಹುಡುಕುವಾಗ ಒಂದು ಮಾತು ನೆನಪಿರಲಿ. ರಿವ್ಯೂಗಳಲ್ಲಿ ಕಾಣುವ 70 ಡಿಗ್ರಿ, 75 ಡಿಗ್ರಿ ನೋಡಿ ಕೊಳ್ಳಬೇಡಿ. ಆ ಪರೀಕ್ಷೆ ಸಾಮಾನ್ಯವಾಗಿ ತಂಪು ರೂಮಿನಲ್ಲಿ ಆಗಿರುತ್ತದೆ. ರೂಮಿಗಿಂತ ಎಷ್ಟು ಡಿಗ್ರಿ ಮೇಲೆ ಅನ್ನೋದನ್ನು ನೋಡಿ, ಅದೂ ನಿಮ್ಮಷ್ಟೇ ವ್ಯಾಟ್‌ನಲ್ಲಿ. ಆ ವ್ಯತ್ಯಾಸಕ್ಕೆ ನಮ್ಮೂರ 35 ಸೇರಿಸಿದರೆ ನಿಜವಾದ ಚಿತ್ರ ಸಿಗುತ್ತದೆ. ಡಬ್ಬದ ಮೇಲೆ ಬರೆದ 220 ವ್ಯಾಟ್, 260 ವ್ಯಾಟ್ ಅನ್ನೋ ಅಂಕಿಗಳನ್ನೂ ನಾನು ಹೋಲಿಕೆಗೆ ತೆಗೆದುಕೊಳ್ಳಲಿಲ್ಲ. ಕಂಪನಿಗಳೆಲ್ಲ ಒಂದೇ ರೀತಿಯಲ್ಲಿ ಅಳೆಯೋದಿಲ್ಲ.

ಲಿಕ್ವಿಡ್ ಕೂಲರ್ ಯಾಕಲ್ಲ ಅಂತ ಗೆಳೆಯರು ಕೇಳಿದರು. ಏರ್ ಕೂಲರ್‌ನಲ್ಲಿ ಕೆಡೋದು ಫ್ಯಾನ್ ಮಾತ್ರ, ಅದನ್ನು ಬದಲಿಸಬಹುದು. ಪಂಪ್ ಕೆಟ್ಟರೆ ಇಡೀ ಲಿಕ್ವಿಡ್ ಕೂಲರ್ ಹೋದಂತೆ. ಹೀಟ್‌ಪೈಪ್ ಒಳಗೂ ಸ್ವಲ್ಪ ನೀರೇ ಇರುತ್ತದೆ. ಗಾಳಿ ತೆಗೆದ ತಾಮ್ರದ ಕೊಳವೆಯಾದ್ದರಿಂದ ಅದು ಬೇಗ ಆವಿಯಾಗುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳಕ್ಕೆ ಹಬೆ ತಾಗಿ ಹನಿಯಾಗುವ ಹಾಗೆ, ಆವಿ ಮೇಲೆ ಅಲ್ಯೂಮಿನಿಯಂ ಪದರಗಳ ಹತ್ತಿರ ತಣಿದು ಮತ್ತೆ ನೀರಾಗುತ್ತದೆ. ಒಳಗೋಡೆಯ ಸಣ್ಣ ರಂಧ್ರಗಳು ಆ ನೀರನ್ನು ಕೆಳಕ್ಕೆ ಎಳೆದುಕೊಳ್ಳುತ್ತವೆ. ಮೋಟಾರ್ ಬೇಡ, ಏನೂ ಬೇಡ. ಇದು ನನಗೆ ತುಂಬಾ ಇಷ್ಟವಾದ ವಿಷಯ.

ಆಯ್ಕೆ ಕೊನೆಗೆ ನಿಂತಿದ್ದು ಎತ್ತರದ ಮೇಲೆ. ಕ್ಯಾಬಿನೆಟ್‌ನ ಬಾಯಿಗೆ ಅಡ್ಡಲಾಗಿ ದಾರ ಬಿಗಿದು, ಹಳೆಯ ಕೂಲರ್ ತೆಗೆದು, ಪ್ರೊಸೆಸರ್‌ನ ಲೋಹದ ಮೇಲ್ಮೈಯಿಂದ ದಾರದವರೆಗೆ ಸ್ಟೀಲ್ ಸ್ಕೇಲ್ ಹಿಡಿದೆ. 162 ಮಿಲಿಮೀಟರ್. ನಾಕ್ಟುವಾದ ಎನ್‌ಎಚ್-ಡಿ15 ಎತ್ತರ 165, ಅದನ್ನು ಅಲ್ಲೇ ಕೈಬಿಟ್ಟೆ. ಡೀಪ್‌ಕೂಲ್ ಎಕೆ620 ಎತ್ತರ 160. ಹಿಡಿಸುತ್ತದೆ, ಆದರೆ ಕ್ಯಾಬಿನೆಟ್ ಪಕ್ಕದ ಗಾಜಿಗೂ ಕೂಲರ್‌ಗೂ ನಡುವೆ ಉಳಿಯೋದು ಬರೀ ಎರಡು ಮಿಲಿಮೀಟರ್. ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120 ಎಸ್‌ಇ 155. ಆರು ಹೀಟ್‌ಪೈಪ್, ಜೋಡಿ ಟವರ್, ಎರಡು ಫ್ಯಾನ್. ಬೆಲೆಯೂ ನಾಕ್ಟುವಾದ ಅರ್ಧಕ್ಕಿಂತ ಕಡಿಮೆ. ಇದನ್ನೇ ತರಿಸಿದೆ.

ಎತ್ತರದ ರ‍್ಯಾಮ್ ಇರೋರು ಇನ್ನೊಂದು ಲೆಕ್ಕ ಹಾಕಬೇಕು. ರ‍್ಯಾಮ್ ಅಡ್ಡ ಬಂದರೆ ಮುಂದಿನ ಫ್ಯಾನನ್ನು ಮೇಲಕ್ಕೆ ಸರಿಸಬೇಕಾಗುತ್ತದೆ. ಆಗ 155 ಅನ್ನೋದು 155 ಆಗಿ ಉಳಿಯೋದಿಲ್ಲ. ನನ್ನದು ಗಿಡ್ಡ ರ‍್ಯಾಮ್, ಹಾಗಾಗಿ ತೊಂದರೆ ಆಗಲಿಲ್ಲ. ಹಳೆಯ ಕಂಪ್ಯೂಟರಿನ ಕೂಲರ್ ಬಳಸೋಣ ಅಂತಿರೋರು ಗಮನಿಸಿ: ಈ ಪ್ರೊಸೆಸರ್ ಕೂರುವ ಎಲ್‌ಜಿಎ 1700 ಸಾಕೆಟ್‌ನ ಬೋರ್ಡಿನಲ್ಲಿ ಕೂಲರ್ ಬಿಗಿಯುವ ತೂತುಗಳ ಅಂತರ 78 ಮಿಲಿಮೀಟರ್, ಹಿಂದಿನ ಎಲ್‌ಜಿಎ 1200ರಲ್ಲಿ 75. ಸರಿಯಾದ ಕಿಟ್ ಇಲ್ಲದೆ ಕೂರಿಸಬೇಡಿ.

ಹಳೆಯ ಕೂಲರ್ ಎತ್ತಿದಾಗ, ಚಿಪ್‌ಗೂ ಕೂಲರ್‌ಗೂ ನಡುವೆ ಶಾಖ ದಾಟಿಸಲು ಹಚ್ಚಿದ ಪೇಸ್ಟ್‌ನ ಗುರುತನ್ನು ದೀಪದ ಬೆಳಕಲ್ಲಿ ನೋಡಿದೆ. ಮೇಲಿನ, ಕೆಳಗಿನ ಅಂಚುಗಳಲ್ಲಿ ಲೋಹ ಕಾಣುವಷ್ಟು ತೆಳು, ನಟ್ಟನಡುವೆ ದಪ್ಪ ಬೂದು ಪಟ್ಟಿ. ಈ ಸಾಕೆಟ್‌ನ ಲಿವರ್ ಚಿಪ್‌ನ ಎರಡು ಉದ್ದ ಬದಿಗಳ ನಡುಭಾಗವನ್ನು ಮಾತ್ರ ಅದುಮುತ್ತದೆ, ಅದರಿಂದ ಚಿಪ್ ನಡುವೆ ಸ್ವಲ್ಪ ತಗ್ಗುತ್ತದೆ. ಶಾಖ ಹುಟ್ಟೋದು ಅಲ್ಲೇ ಅಲ್ವಾ, ಅದಕ್ಕೆ ಲಿವರ್ ಬದಲು ಚಿಪ್‌ನ ಅಂಚುಗಳನ್ನು ಸಮನಾಗಿ ಅದುಮುವ ಕಾಂಟ್ಯಾಕ್ಟ್ ಫ್ರೇಮ್ ಮುಂದಿನ ಕೆಲಸಗಳ ಪಟ್ಟಿಯಲ್ಲಿದೆ.

ಜೋಡಿಸುವ ಮೊದಲು ಮದರ್‌ಬೋರ್ಡ್ ಮೂಲೆಯ 8 ಪಿನ್ ಪವರ್ ಕೇಬಲ್ ಚುಚ್ಚಿಬಿಡಿ, ಆಮೇಲೆ ಬೆರಳು ಹೋಗೋದಿಲ್ಲ. ಎರಡು ಸ್ಕ್ರೂಗಳನ್ನು ಒಂದೊಂದು ಸುತ್ತು ಬದಲಿಸಿ ಬದಲಿಸಿ ಬಿಗಿಯಬೇಕು. ಒಂದನ್ನೇ ಪೂರ್ತಿ ಬಿಗಿದರೆ ಕೂಲರ್ ಓರೆಯಾಗಿ ಪೇಸ್ಟ್ ಒಂದು ಕಡೆ ಸರಿಯುತ್ತದೆ.

ಫಲಿತಾಂಶ: ಅದೇ 165 ವ್ಯಾಟ್, ರೂಮು 35, ಪ್ರೊಸೆಸರ್ 94. ಪಕ್ಕದ ಗಾಜು ತೆಗೆದೆ, 87ಕ್ಕೆ ಇಳಿಯಿತು. ಅಂದರೆ ತಪ್ಪು ಕೂಲರ್‌ದಲ್ಲ, ಕ್ಯಾಬಿನೆಟ್‌ನ ಬಿಸಿ ಗಾಳಿಯನ್ನೇ ಅದು ತಿರುಗಿಸುತ್ತಿದೆ. ಮುಂದುಗಡೆ ಒಳಗೆ ಗಾಳಿ ಎಳೆಯುವ ಇನ್ನೊಂದು 120 ಮಿಲಿಮೀಟರ್ ಫ್ಯಾನ್ ಹಾಕಿದ ಮೇಲೆ ಗಾಜು ಮುಚ್ಚಿದರೂ 88. ಕೂಲರ್ ಬದಲಿಸೋ ಮೊದಲು ಎಲ್ಲರೂ ಈ ಗಾಜಿನ ಪರೀಕ್ಷೆ ಮಾಡಿ ನೋಡಬೇಕು, ಖರ್ಚಿಲ್ಲ.

ಆಮೇಲೆ ವೇಗವನ್ನು 4.9ಕ್ಕೆ ಇಳಿಸಿದೆ. 1.24 ವೋಲ್ಟ್‌ನಲ್ಲೇ ಗಟ್ಟಿಯಾಗಿ ನಿಂತಿತು. 147 ವ್ಯಾಟ್, 82 ಡಿಗ್ರಿ. ಬರೀ 100 ಮೆಗಾಹರ್ಟ್ಸ್ ಬಿಟ್ಟುಕೊಟ್ಟಿದ್ದಕ್ಕೆ ಆರು ಡಿಗ್ರಿ ಸಿಕ್ಕಿತು. ಫ್ಯಾನ್ ಸದ್ದೂ ಕಡಿಮೆಯಾಯಿತು, ರಾತ್ರಿ ರೆಂಡರ್ ಹಾಕಿ ಅದೇ ರೂಮಲ್ಲಿ ಮಲಗಬಹುದು. ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ಎರಡು ಪ್ರೊಫೈಲ್ ಉಳಿಸಿದ್ದೇನೆ: ಮಾರ್ಚ್‌ನಿಂದ ಜೂನ್‌ವರೆಗೆ 4.9, ಮಳೆ ಹಿಡಿದ ಮೇಲೆ 5.

ಇನ್ನು ಉಳಿದಿದ್ದು ಕಾಂಟ್ಯಾಕ್ಟ್ ಫ್ರೇಮ್, ಮತ್ತೆ ಮುಂದಿನ ಫ್ಯಾನ್‌ಗೆ ದೂಳಿನ ಜಾಲರಿ. ಫ್ರೇಮ್ ಹಾಕಿದ ಮೇಲೆ ಇದೇ ವೋಲ್ಟೇಜ್, ಇದೇ 35 ಡಿಗ್ರಿ ರೂಮಿನಲ್ಲಿ ಮತ್ತೆ ಅಳೆದು ಅಂಕಿ ಹಾಕುತ್ತೇನೆ.