ವಿಂಧ್ಯಗಿರಿ ಇಳಿದ ಮಾರನೆಯ ದಿನದ ತೊಡೆನೋವು

ಶ್ರವಣಬೆಳಗೊಳದ ವಿಂಧ್ಯಗಿರಿಗೆ ಬಂಡೆಯಲ್ಲೇ ಕಡಿದ 600ಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಏದುಸಿರು ಬರಿಸುವುದು ಹತ್ತುವ ಕೆಲಸ. ಮಾರನೆಯ ದಿನ ಕೂತರೆ ಏಳಲಾಗದಂತೆ ಮಾಡುವುದು ಇಳಿಯುವ ಕೆಲಸ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಮೈಭಾರ ತಡೆಯುತ್ತಲೇ ಹಿಗ್ಗಬೇಕು. ಸ್ನಾಯುವಿನಲ್ಲಿ ಎರಡು ಬಗೆಯ ಎಳೆಗಳಿವೆ: ಜೋರು ಕೆಲಸಕ್ಕೆ ಥಟ್ಟನೆ ಕುಗ್ಗುವ ವೇಗದ ಎಳೆಗಳು, ಬೇಗ ದಣಿಯದೆ ದುಡಿಯುವ ನಿಧಾನ ಎಳೆಗಳು. ಇಳಿಯುವಾಗ ಹೆಚ್ಚು ಪೆಟ್ಟು ತಿನ್ನುವುದು ವೇಗದ ಎಳೆಗಳು. ನೋವು 24ರಿಂದ 72 ಗಂಟೆಯೊಳಗೆ ಜೋರಾಗುತ್ತದೆ. ದುಡಿಯುವ ಸ್ನಾಯುವಿನಲ್ಲಿ ಹುಟ್ಟುವ ಲ್ಯಾಕ್ಟಿಕ್ ಆಮ್ಲದ ಮೇಲೆ ತಪ್ಪು ಹೊರಿಸಬೇಡಿ, ಅದು ಒಂದೆರಡು ಗಂಟೆಯಲ್ಲೇ ಕರಗಿಹೋಗಿರುತ್ತದೆ.

ಸ್ನಾಯುವಿನ ಪ್ರೋಟೀನ್ ಸುಮ್ಮನಿದ್ದಾಗಲೂ ದಿನಕ್ಕೆ ಶೇ. 1ರಿಂದ 1.5ರಷ್ಟು ಒಡೆದು ಹೊಸದಾಗುತ್ತಿರುತ್ತದೆ. ಇಲಿಗಳಲ್ಲಿ ನಿಧಾನ ಎಳೆಗಳ ಸ್ನಾಯುವಿನಲ್ಲಿ ಹೀಗೆ ಒಡೆದು ಹೊಸದಾಗುವ ವೇಗ ಹೆಚ್ಚು. ಮನುಷ್ಯರಲ್ಲಿ ವಿಶ್ರಾಂತಿಯ ಹೊತ್ತು ಅಂಥ ಅಂತರ ಕಾಣುವುದಿಲ್ಲ. ಯಾವ ಸ್ನಾಯುವಿಗೆ ಎಂಥ ಕೆಲಸ ಕೊಟ್ಟಿರಿ ಎಂಬುದೇ ಮುಖ್ಯ. ಮೀನಖಂಡದ ಒಳಪದರದ ಸೋಲಿಯಸ್‌ನಲ್ಲಿ ಶೇ. 80ರಷ್ಟು ನಿಧಾನ ಎಳೆಗಳೇ. ನಿಂತರೂ ನಡೆದರೂ ದುಡಿಯುವ ಅದಕ್ಕೆ ಸಂಜೆಯ ವಾಕಿಂಗ್ ಹೊಸದೇನಲ್ಲ. ದೀರ್ಘ ನಡಿಗೆ, ಓಟದಿಂದ ಮುಖ್ಯವಾಗಿ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಪ್ರೋಟೀನ್ ಹೆಚ್ಚುತ್ತದೆ. ಭಾರ ಎತ್ತಿದರೆ ಹೆಚ್ಚುವುದು ಸ್ನಾಯುವನ್ನು ಕುಗ್ಗಿಸುವ ಪ್ರೋಟೀನ್‌ಗಳಾದ ಆಕ್ಟಿನ್, ಮಯೋಸಿನ್. ವಯಸ್ಸಾದಂತೆ ಹೆಚ್ಚು ಸೊರಗುವುದು ವೇಗದ ಎಳೆಗಳು, ಬರೀ ವಾಕಿಂಗ್ ಅವನ್ನು ಅಷ್ಟಾಗಿ ಮುಟ್ಟುವುದೇ ಇಲ್ಲ. ಕುರ್ಚಿಯಿಂದ ಕೈ ಊರದೆ 10 ಸಲ ಎದ್ದು, ಪ್ರತಿ ಸಲ ಮೂರು ಸೆಕೆಂಡು ತಡೆದು ಕೂರಿ. ಹೀಗೆ ಮೂರು ಸುತ್ತು. ಸಲೀಸಾದರೆ ಎದೆಗವಚಿ ಐದು ಕೆಜಿ ಅಕ್ಕಿ ಚೀಲ. ವಾರಕ್ಕೆ ಎರಡು ದಿನ ಸಾಕು, ಏಕೆಂದರೆ ಹೊಸ ಪ್ರೋಟೀನ್ ಕಟ್ಟುವ ಕೆಲಸ 24ರಿಂದ 48 ಗಂಟೆ ನಡೆಯುತ್ತದೆ.

ಆದರೆ ವ್ಯಾಯಾಮದ ನಂತರ ಕಟ್ಟುವುದರ ಜೊತೆ ಒಡೆಯುವುದೂ ಏರುತ್ತದೆ. ಖಾಲಿ ಹೊಟ್ಟೆಯಲ್ಲಿ ಲೆಕ್ಕ ನಷ್ಟದಲ್ಲೇ ಇರುತ್ತದೆ, ಊಟವಾದ ಮೇಲೆಯೇ ಲಾಭ. ಒಂದು ಹೊತ್ತಿಗೆ ಕೆಜಿ ದೇಹತೂಕಕ್ಕೆ 0.3 ಗ್ರಾಂ ಪ್ರೋಟೀನ್, ವಯಸ್ಸಾದವರಿಗೆ 0.4. ಅಂದರೆ 60 ಕೆಜಿಯ ಅಜ್ಜನಿಗೆ 24 ಗ್ರಾಂ. ನೂರು ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಿ ಸಿಗುವುದು 7. ಐವತ್ತು ಗ್ರಾಂ ಹುರುಳಿಕಾಳು 11 ಕೊಡುತ್ತದೆ, ಒಂದು ಮೊಟ್ಟೆ 6. ನಮ್ಮಲ್ಲಿ ಬಸ್ಸಾರು ಮಾಡಿದ ದಿನ ಮುದ್ದೆಗೆ ಸಾರು ಧಾರಾಳ, ಕಾಳಿನ ಪಲ್ಯ ಮಾತ್ರ ತಟ್ಟೆಯ ಮೂಲೆಯಲ್ಲಿ ಒಂದು ಚಮಚ! ಪ್ರೋಟೀನಿನ ಬಹುಪಾಲು ಇರುವುದು ಬಸಿದುಳಿದ ಆ ಕಾಳಿನಲ್ಲೇ.

ಬೆಟ್ಟಕ್ಕೆ ಹೊರಡುವವರು ಒಂದೆರಡು ವಾರ ಮೊದಲೇ ಮನೆಯ ಮೆಟ್ಟಿಲನ್ನು ಹತ್ತಿಪ್ಪತ್ತು ಸಲ ಇಳಿದಿದ್ದರೂ ನೋವು ಎಷ್ಟೋ ಕಡಿಮೆ. ನೋವಿನ ಜೊತೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ. ಒಡೆದ ಸ್ನಾಯುವಿನಿಂದ ಸೋರಿದ ಮಯೋಗ್ಲೋಬಿನ್ ಎಂಬ ಪ್ರೋಟೀನ್ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ.